ಡ್ರೈವ್ ಪ್ಯಾನೆಲ್‌ನ ‘ಸ್ಪೀಡ್ ರೆಫರೆನ್ಸ್’ಗೆ ಕನ್ನಡದಲ್ಲಿ ಏನನ್ನೋಣ?

ಪ್ರಶ್ನೆ:
ನೀರೆತ್ತುವ ಪಂಪಿನ ಡ್ರೈವ್ (ಮೋಟರಿನ ವೇಗ ಹೊಂದಿಸುವ ಸಾಧನ) ಪ್ಯಾನೆಲ್‌ಗೆ ಕನ್ನಡ ಫಲಕ ಬರೆಯುತ್ತಿದ್ದೇನೆ. ನಾಳೆ ಬೆಳಗ್ಗೆ ಅಚ್ಚಿಗೆ ಹೋಗಬೇಕು. ‘ಸ್ಪೀಡ್ ರೆಫರೆನ್ಸ್’ಗೆ ಹಳೆಯ ಕರಡಿನಲ್ಲಿ ‘ವೇಗ ಉಲ್ಲೇಖ’ ಅಂತಿದೆ. ಪಂಪ್ ಆಪರೇಟರ್‌ಗೆ ಅದು ಅರ್ಥವಾಗುವುದಿಲ್ಲ. ಪಕ್ಕದಲ್ಲೇ ‘ಆ್ಯಕ್ಚುವಲ್ ಸ್ಪೀಡ್’ ಕೂಡ ಇದೆ. ಎರಡಕ್ಕೂ ಜೋಡಿಯಾಗುವ ಪದ ಹೇಳಿ.

ಉತ್ತರ:
‘ಉಲ್ಲೇಖ’ ಬೇಡವೇ ಬೇಡ. ಅದು ಬರಹದಲ್ಲಿ ಇನ್ನೊಂದರ ಹೆಸರೆತ್ತುವುದಕ್ಕೆ ಇರುವ ಪದ. ಇಲ್ಲಿ ನಡೆಯುವ ಕೆಲಸ ನೋಡಿ. ಬೇಕಾದ ವೇಗ ಹೇಳುವ 4–20 ಮಿಲಿಆಂಪಿಯರ್ ಸಿಗ್ನಲ್ಲನ್ನು 0–50 ಹರ್ಟ್ಸ್‌ಗೆ ಹೊಂದಿಸಿದ್ದರೆ, 12 ಮಿಲಿಆಂಪಿಯರ್ ಬಂದಾಗ ‘25 ಹರ್ಟ್ಸ್‌ನಲ್ಲಿ ಓಡಿಸು’ ಎಂದರ್ಥ. ಹರ್ಟ್ಸ್ ಹೆಚ್ಚಿದಷ್ಟೂ ಮೋಟರಿನ ವೇಗ ಹೆಚ್ಚು. ಓಡುತ್ತಿರುವ ವೇಗ ಅದಕ್ಕಿಂತ ಎಷ್ಟು ಹಿಂದೆ ಮುಂದೆ ಇದೆಯೋ ಅಷ್ಟನ್ನು ಕಂಟ್ರೋಲರ್ ತಿದ್ದುತ್ತದೆ. ಅಂದರೆ ಇದು ಮುಟ್ಟಬೇಕಾದ ವೇಗ. ಅದಕ್ಕೆ ‘ಗುರಿ’ ಇದೆಯಲ್ಲ! ಹಳಗನ್ನಡದಲ್ಲಿ ಶಕಟರೇಫ (ಹಳೆಯ ಱ ಅಕ್ಷರ) ಹಾಕಿ ‘ಗುಱಿ’. ತಮಿಳಿನ ಕುಱಿ, ತೆಲುಗಿನ ಗುರಿ, ನಮ್ಮದೇ ‘ಗುರುತು’ ಎಲ್ಲ ಒಂದೇ ಬಳ್ಳಿಯವು. ‘ಗುರಿವೇಗ’, ‘ನಿಜವೇಗ’ ಎಂದು ಬರೆಯಿರಿ.

ಮತ್ತೊಂದು ಉತ್ತರ:
ಒಪ್ಪಲಾರೆ. ಗುರಿ ಅಂದರೆ ಕೊನೆಗೆ ಮುಟ್ಟುವ ಜಾಗ. ಡ್ರೈವ್ ಒಳಗೆ ರ‍್ಯಾಂಪ್ ಇರುತ್ತದೆ (ವೇಗವನ್ನು ಮೆಲ್ಲಮೆಲ್ಲಗೆ ಏರಿಸುವ ಏರ್ಪಾಡು), ಮರೆತಿರಾ? ನಿಂತ ಮೋಟರಿಗೆ 50 ಹರ್ಟ್ಸ್ ಕೇಳಿ, 10 ಸೆಕೆಂಡಿನ ನೇರ ರ‍್ಯಾಂಪ್ ಇಟ್ಟಿದ್ದರೆ, 5ನೇ ಸೆಕೆಂಡಿನಲ್ಲಿ ಕಂಟ್ರೋಲರ್ ಮುಂದಿರುವ ರೆಫರೆನ್ಸ್ 25 ಮಾತ್ರ. ಎರಡಕ್ಕೂ ‘ಗುರಿ’ ಅಂದರೆ ರಿಪೇರಿಗೆ ಬಂದವರು ಯಾವುದನ್ನು ನೋಡಬೇಕು? ಕೆಲಸದವರು ‘ಸೆಟ್ ಸ್ಪೀಡ್’ ಅಂತಾರೆ. ಅದನ್ನೇ ಬರೆಯಿರಿ. ಕನ್ನಡಕ್ಕೇನೂ ನಷ್ಟವಿಲ್ಲ.

ಮೊದಲು ಉತ್ತರಿಸಿದವರು:
ಫಲಕ ಇರುವುದು ಆಪರೇಟರ್‌ಗೆ. ಅವರು ಕೇಳಿದ ವೇಗವೇ ಅಲ್ಲಿ ಕಾಣಬೇಕು. ರ‍್ಯಾಂಪಿನದು ಮ್ಯಾನುಯಲ್ ಬರೆಯುವಾಗಿನ ಮಾತು. ಅಲ್ಲಿ ‘ಕ್ಷಣದ ಗುರಿ’ ಅನ್ನಬಹುದು. ಇನ್ನು ಎರವಲಿನ ಮಾತು. ಮೋಟರು, ಪಂಪು, ಹರ್ಟ್ಸ್ ಯಾವುದನ್ನೂ ನಾನು ಮುಟ್ಟಿಲ್ಲ. ವಸ್ತುವಿನ ಜೊತೆ ಬಂದ ಹೆಸರು ಇರಲಿ. ಆದರೆ ದಿನವೂ ಬಾಯಲ್ಲಿರುವ ಪದವನ್ನೇ ಬಿಟ್ಟುಕೊಟ್ಟರೆ ಅದು ಎರವಲಲ್ಲ, ಸೋಮಾರಿತನ.

ಎರಡನೆಯ ಉತ್ತರ ಕೊಟ್ಟವರು:
ಸೋಮಾರಿತನ ಅಂತೀರಾ? ಪ್ಯಾನೆಲ್ ಮುಂದೆ ದಿನವಿಡೀ ನಿಲ್ಲುವವರ ಮಾತದು. ಅವರ ಕನ್ನಡವೂ ಕನ್ನಡವೇ.

ಪ್ರಶ್ನೆ ಕೇಳಿದವರು:
‘ಗುರಿ ವೇಗ’, ‘ಈಗಿನ ವೇಗ’ ಎಂದು ಅಚ್ಚಿಗೆ ಕಳಿಸುತ್ತಿದ್ದೇನೆ. ‘ನಿಜವೇಗ’ ಕೈಬಿಟ್ಟೆ. ಈ ಪಂಪಿಗೆ ಎನ್‌ಕೋಡರ್ (ತಿರುಗುವ ವೇಗ ಅಳೆಯುವ ಸಾಧನ) ಇಲ್ಲ. ಡ್ರೈವ್ ತೋರಿಸುವುದು ಲೆಕ್ಕ ಹಾಕಿದ ವೇಗ, ಅಳೆದದ್ದಲ್ಲ. ಸಿಗ್ನಲ್ ತಂತಿಯ ಟರ್ಮಿನಲ್ ಮೇಲೆ ‘ಗುರಿ ಸಿಗ್ನಲ್’ ಅಂತಲೇ ಇರಲಿ.