ಸಲಿಂಗಿಗಳಿಗೆ ಮಾಡಿದ ಅನ್ಯಾಯಕ್ಕೆ ಸರ್ಕಾರಗಳು ಕ್ಷಮೆ ಕೇಳಬೇಕೆ?

ಹಳೆಯ ಓದುಗ: 2009ರಲ್ಲಿ ಬ್ರಿಟನ್ನಿನ ಪ್ರಧಾನಿ ಗಾರ್ಡನ್ ಬ್ರೌನ್, ಸಲಿಂಗಿಯೆಂದು ಶಿಕ್ಷೆಗೊಳಗಾಗಿದ್ದ ಗಣಿತಜ್ಞ ಅಲನ್ ಟ್ಯೂರಿಂಗ್ ಅವರನ್ನು ನಡೆಸಿಕೊಂಡ ರೀತಿಗೆ ಕ್ಷಮೆ ಕೇಳಿದರು. 2017ರಲ್ಲಿ ಕೆನಡಾದ ಜಸ್ಟಿನ್ ಟ್ರುಡೊ ಸಂಸತ್ತಿನಲ್ಲಿ ಕಣ್ಣೊರೆಸಿಕೊಳ್ಳುತ್ತ ಕ್ಷಮೆ ಕೇಳಿದರು. ಮರುವರ್ಷ ಜರ್ಮನಿಯ ಅಧ್ಯಕ್ಷ ಸ್ಟೈನ್‌ಮಾಯರ್ ಕೇಳಿದರು. ಇದರಿಂದ ನೊಂದವರಿಗೆ ಏನೂ ದಕ್ಕಲಿಲ್ಲವೆಂಬುದೇ ನನ್ನ ವಾದ. ಟ್ಯೂರಿಂಗ್ ತೀರಿಕೊಂಡದ್ದು 1954ರಲ್ಲಿ. ಅವರನ್ನು ಬಂಧಿಸಿದ ಪೊಲೀಸರಾಗಲಿ, ಶಿಕ್ಷೆ ಕೊಟ್ಟವರಾಗಲಿ ಅಂದಿನ ಕಾನೂನನ್ನಷ್ಟೇ ಪಾಲಿಸಿದ್ದರು. ತಾನು ಮಾಡದ ತಪ್ಪಿಗೆ ತಲೆಬಾಗುವುದು ಯಾವ ರಾಜಕಾರಣಿಗೂ ಕಷ್ಟವಲ್ಲ.

ವಕೀಲವೃತ್ತಿ: "ಅಂದಿನ ಕಾನೂನು" ಎಂದಿರಿ. ಕೆನಡಾ ತನ್ನ ದಂಡಸಂಹಿತೆಯನ್ನು ತಿದ್ದಿ ಸಲಿಂಗ ಸಂಬಂಧವನ್ನು ಅಪರಾಧಮುಕ್ತಗೊಳಿಸಿದ್ದು 1969ರಲ್ಲಿ; ಆದರೂ ಅಲ್ಲಿನ ಸೇನೆ 1992ರವರೆಗೆ ಸಲಿಂಗಿಗಳನ್ನು ಹುಡುಕಿ ಹುಡುಕಿ ಹೊರಹಾಕುತ್ತಿತ್ತು. ಅಷ್ಟೂ ವರ್ಷ ಅವರು ಪಾಲಿಸಿದ್ದು ಯಾವ ದಂಡಸಂಹಿತೆಯನ್ನು? ಅದಕ್ಕೂ ಮೊದಲು, ನೌಕರರಿಗೆ ಚಿತ್ರಗಳನ್ನು ತೋರಿಸಿ, ಕಣ್ಣಿನ ಪಾಪೆ ಎಷ್ಟು ಹಿಗ್ಗುತ್ತದೆಂದು ಅಳೆದು, ಯಾರು ಸಲಿಂಗಿ ಎಂದು ಪತ್ತೆಹಚ್ಚುವ ಸಾಧನವೊಂದರ ಸಂಶೋಧನೆಗೆ ಅದೇ ಸರ್ಕಾರ ಹಣ ಕೊಟ್ಟಿತ್ತು. ಪಶ್ಚಿಮ ಜರ್ಮನಿಯಂತೂ ಗಂಡಸರ ಸಲಿಂಗ ಸಂಬಂಧವನ್ನು ಅಪರಾಧವೆನ್ನುತ್ತಿದ್ದ, ನಾಜಿಗಳು 1935ರಲ್ಲಿ ಬಿಗಿಗೊಳಿಸಿದ 175ನೇ ಕಲಮನ್ನು 1969ರವರೆಗೆ ಹಾಗೆಯೇ ಉಳಿಸಿಕೊಂಡಿತು. ಯುದ್ಧಾನಂತರ ಆ ಕಲಮಿನಡಿ ಶಿಕ್ಷೆಗೊಳಗಾದವರು ಸುಮಾರು 50,000 ಮಂದಿ.

ಮಿತಭಾಷಿ: ಆ 50,000ದ ಕಥೆಯನ್ನು ಪೂರ್ತಿ ಹೇಳಿ. 2017ರಲ್ಲಿ ಜರ್ಮನಿ ಆ ತೀರ್ಪುಗಳನ್ನು ರದ್ದುಗೊಳಿಸಿ, ಪ್ರತಿ ತೀರ್ಪಿಗೆ 3,000 ಯೂರೋ, ಸೆರೆವಾಸದ ಪ್ರತಿ ವರ್ಷಕ್ಕೆ 1,500 ಯೂರೋ ಪರಿಹಾರ ನಿಗದಿ ಮಾಡಿತು. ಅರ್ಜಿ ಸಲ್ಲಿಸಿದವರು ಸರ್ಕಾರ ಅಂದಾಜಿಸಿದ್ದಕ್ಕಿಂತ ತೀರ ಕಡಿಮೆ. ಬೇಕೆನ್ನುವವರೇ ಇಲ್ಲದ ಪರಿಹಾರಕ್ಕೆ ಇಂದಿನ ತೆರಿಗೆದಾರ ಏಕೆ ಹೊಣೆಯಾಗಬೇಕು?

ಸಹಪಥಿಕ: "ಬೇಕೆನ್ನುವವರೇ ಇಲ್ಲ" ಎಂದು ಬರೆಯುವ ಮುನ್ನ ಒಂದು ಲೆಕ್ಕ ಹಾಕಬೇಕಿತ್ತು. 1955ರಲ್ಲಿ 25 ವರ್ಷದವನಾಗಿ ಜೈಲಿಗೆ ಹೋದವನಿಗೆ 2017ರಲ್ಲಿ 87 ವರ್ಷ. ಬಹುಪಾಲು ಜನ ಮಣ್ಣಾದ ಮೇಲೆ ಅರ್ಜಿ ಕರೆದು, ಬಂದ ಅರ್ಜಿಗಳು ಕಡಿಮೆ ಎಂದು ಅವರ ಮೇಲೆಯೇ ಗೂಬೆ ಕೂರಿಸುವುದು ಅಮಾನವೀಯ. ನೌಕರಿ ಹೋಗಿ, ನೆಂಟರಿಷ್ಟರ ಮುಂದೆ ಮಾನ ಹೋಗಿ, ಅರ್ಧ ಶತಮಾನ ಬಾಯಿಬಿಡದೆ ಬದುಕಿದ ಮನುಷ್ಯ ಆ ಹಳೆಯ ಕಡತವನ್ನು ಹಿಡಿದು ಮತ್ತೆ ಸರ್ಕಾರಿ ಕಚೇರಿಯ ಮೆಟ್ಟಿಲು ಹತ್ತುತ್ತಾನೆಯೆ? ಒಂದು ವರ್ಷದ ಸೆರೆಗೆ 1,500 ಯೂರೋ ಎಂಬುದೇ ಅವಮಾನ.

ಮಿತಭಾಷಿ: ಅವಮಾನವೆಂದು ನೀವೇ ಒಪ್ಪಿಕೊಂಡಿರಿ. ಹಾಗಾದರೆ ಕೊಡದಿರುವುದೇ ಲೇಸು.

ಸಹಪಥಿಕ: ನಾನು ಕಡಿಮೆಯಾಯಿತು ಎಂದೆ, ಬೇಡವೆಂದಿಲ್ಲ. ನನ್ನ ಮಾತನ್ನು ತಿರುಚಬೇಡಿ.

ವಕೀಲವೃತ್ತಿ: ಮಿತಭಾಷಿಯವರು ಇನ್ನೊಂದು ಸಂಗತಿಯನ್ನು ಬಿಟ್ಟಿದ್ದಾರೆ. ಶಿಕ್ಷೆಯಾಗದಿದ್ದರೂ ತನಿಖೆಗೋ ವಿಚಾರಣಾಧೀನ ಬಂಧನಕ್ಕೋ ಒಳಗಾದವರು ಮೊದಲು ಈ ಪರಿಹಾರದ ವ್ಯಾಪ್ತಿಯಲ್ಲೇ ಇರಲಿಲ್ಲ. 2019ರಲ್ಲಿ ಅವರನ್ನೂ ಸೇರಿಸಿದರು. ಅರ್ಜಿಗಳ ಸಂಖ್ಯೆಯನ್ನು ಅನ್ಯಾಯದ ಅಳತೆಗೋಲಾಗಿ ಬಳಸಲಾಗದು.

ಮಿತಭಾಷಿ: "ತನಿಖೆಗೆ ಒಳಗಾದವರು" ಎಂದರೆ ಪೊಲೀಸರು ಒಮ್ಮೆ ಕರೆಸಿದವರೂ ಸೇರುತ್ತಾರೆ. ಈ ಪಟ್ಟಿಗೆ ಕೊನೆಯೇ ಇರುವುದಿಲ್ಲ.

ಕಡಲಾಚೆ: ಇಲ್ಲಿ ಯಾರೂ ವಸಾಹತುಗಳ ಮಾತೆತ್ತುತ್ತಿಲ್ಲ. 1860ರ ಭಾರತೀಯ ದಂಡಸಂಹಿತೆಯ 377ನೇ ಕಲಮು ಬ್ರಿಟಿಷರದೇ ಕೊಡುಗೆ. 2018ರ ಏಪ್ರಿಲ್‌ನಲ್ಲಿ ಥೆರೆಸಾ ಮೇ ಕಾಮನ್‌ವೆಲ್ತ್ ವೇದಿಕೆಯಲ್ಲಿ ಇಂಥ ಕಾನೂನುಗಳ ಬಗ್ಗೆ ವಿಷಾದ ವ್ಯಕ್ತಪಡಿಸಿದರು. ಅದೇ ಸೆಪ್ಟೆಂಬರಿನಲ್ಲಿ 377ನೇ ಕಲಮಿನ ಬಗ್ಗೆ ಭಾರತದ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪಿನಲ್ಲಿ ನ್ಯಾಯಮೂರ್ತಿ ಇಂದು ಮಲ್ಹೋತ್ರಾ ಈ ಸಮುದಾಯಕ್ಕೂ ಅವರ ಕುಟುಂಬಗಳಿಗೂ ಇತಿಹಾಸ ಕ್ಷಮೆ ಕೇಳಬೇಕಿದೆ ಎಂದು ಬರೆದರು. ಅದನ್ನು ಕೇಳಬೇಕಾದ ಸರ್ಕಾರ ಯಾವುದು?

ಹಳೆಯ ಓದುಗ: ತೆರಿಗೆದಾರನ ಪ್ರಶ್ನೆಗೆ ಇನ್ನೂ ಉತ್ತರ ಬಂದಿಲ್ಲ. ಮೇಲಾಗಿ 2013ರಲ್ಲಿ ಟ್ಯೂರಿಂಗ್ ಒಬ್ಬರಿಗೇ ರಾಣಿಯ ಕ್ಷಮಾದಾನ ದೊರೆಯಿತು. ಖ್ಯಾತರಿಗೆ ಒಂದು, ಉಳಿದವರಿಗೆ ಇನ್ನೊಂದು ಎಂಬುದೇ ಇದರ ಅರ್ಥ.

ವಕೀಲವೃತ್ತಿ: ಉಳಿದವರಿಗಾಗಿ 2017ರಲ್ಲಿ ಕಾಯ್ದೆಯಾಯಿತು. ಮೃತರಿಗೆ ತಾನಾಗಿಯೇ ಕ್ಷಮಾದಾನ, ಬದುಕಿರುವವರು ಮಾತ್ರ ಅರ್ಜಿ ಹಾಕಬೇಕು. 1974ರಲ್ಲಿ ಶಿಕ್ಷೆಗೊಳಗಾಗಿದ್ದ ಜಾರ್ಜ್ ಮಾಂಟೇಗ್ ಎಂಬ ವೃದ್ಧರು ಅದನ್ನು ನಿರಾಕರಿಸಿದರು. ತಾನು ಅಪರಾಧವನ್ನೇ ಮಾಡಿಲ್ಲ, ಆದ್ದರಿಂದ ಸರ್ಕಾರವೇ ತನ್ನ ಕ್ಷಮೆ ಕೇಳಬೇಕು ಎಂದು ಪಟ್ಟುಹಿಡಿದರು. ನೊಂದವರಿಗೆ ಏನೂ ದಕ್ಕುವುದಿಲ್ಲ ಎಂದಿರಲ್ಲ, ಅವರು ಕೇಳಿದ್ದೇ ಅದನ್ನು.

ಹಳೆಯ ಓದುಗ: ಒಬ್ಬ ವೃದ್ಧರ ಹಟದಿಂದ ರಾಜನೀತಿ ರೂಪಿಸಲಾಗದು.

ಸಹಪಥಿಕ: ಒಬ್ಬರಲ್ಲ. ಬ್ರಿಟಿಷ್ ಸೇನೆಯಲ್ಲಿ ಸಲಿಂಗಿಗಳ ಮೇಲಿನ ನಿಷೇಧ 2000ದವರೆಗೂ ಇತ್ತು. ಎದೆಯ ಮೇಲಿನ ಪದಕಗಳನ್ನು ಕಿತ್ತುಕೊಂಡು ಮನೆಗೆ ಕಳಿಸಿದ ಆ ಸೈನಿಕರಲ್ಲಿ ಅನೇಕರು, 2023ರಲ್ಲಿ ರಿಷಿ ಸುನಕ್ ಸಂಸತ್ತಿನಲ್ಲಿ ಕ್ಷಮೆ ಕೇಳಿದಾಗ ಬದುಕಿದ್ದರು. ಎಲ್ಲರೂ ಸತ್ತರೆಂಬ ನಿಮ್ಮ ವಾದ ಇವರ ಮುಂದೆ ನಿಲ್ಲುವುದಿಲ್ಲ.

ಮಿತಭಾಷಿ: ಪದಕಗಳನ್ನು ಹಿಂದಿರುಗಿಸಲಿ, ಅದಕ್ಕೆ ನನ್ನ ತಕರಾರಿಲ್ಲ. ಹಣದ ವಿಷಯದಲ್ಲಿ ನನ್ನ ನಿಲುವು ಮೊದಲಿನದೇ.