ದುಬಾರಿ ಸಿಡಿ ಪ್ಲೇಯರ್‌ನ ನಾದ ನಿಜಕ್ಕೂ ಮೇಲೇ?

ಪ್ರಶ್ನೆ (ಜಯನಗರ): ನನ್ನದು ಎಂಟು ಸಾವಿರದ ಹಳೇ ಸಿಡಿ ಪ್ಲೇಯರ್. ಅಂಗಡಿಯಲ್ಲಿ ಒಂದೂವರೆ ಲಕ್ಷದ್ದನ್ನು ಕೇಳಿಸಿದರು. ವೀಣೆಯ ಮೀಟು ಹೆಚ್ಚು ಸ್ಪಷ್ಟ ಅನ್ನಿಸಿತು. ಕೊಳ್ಳಲೇ?

ಉತ್ತರ (ಆಡಿಯೋ ಸರ್ವಿಸ್ ಎಂಜಿನಿಯರ್): ಈಗಲೇ ಬೇಡ. ಎರಡರ ಔಟ್‌ಪುಟ್ ಒಂದೇ ಮಟ್ಟದಲ್ಲಿತ್ತೇ ಅಂತ ಮೊದಲು ತಿಳಿಯಬೇಕು. ಸಿಡಿ ಪ್ಲೇಯರ್‌ನ ರೂಢಿಯ ಮಟ್ಟ 2 ವೋಲ್ಟ್. ಇನ್ನೊಂದು 2.3 ವೋಲ್ಟ್ ಕೊಟ್ಟರೆ ಅದು 1.2 ಡೆಸಿಬೆಲ್ ಜೋರು. ಇಷ್ಟು ಸಣ್ಣ ವ್ಯತ್ಯಾಸ ಕಿವಿಗೆ ಸದ್ದು ಹೆಚ್ಚಾದಂತೆ ಕೇಳದು, ನಾದ ತಿಳಿಯಾದಂತೆ ಕೇಳುತ್ತದೆ. ಅಂಗಡಿಯ ಸ್ಪೀಕರ್, ಕೋಣೆ ಬೇರೆ, ಅದನ್ನೂ ಮರೆಯಬೇಡಿ.

ದುಬಾರಿಯದನ್ನು ಎರಡು ದಿನಕ್ಕೆ ಮನೆಗೆ ತರಿಸಿಕೊಂಡು ಪರೀಕ್ಷಿಸಿ. 100 ಹರ್ಟ್ಸ್ ಟೋನ್ ಸಿಡಿಗೆ ಬರೆದು, ಸ್ಪೀಕರ್ ಟರ್ಮಿನಲ್‌ನಲ್ಲಿ ಮಲ್ಟಿಮೀಟರ್‌ನಿಂದ ಎಸಿ ವೋಲ್ಟ್ ಅಳೆಯಿರಿ (ಅಗ್ಗದ ಮೀಟರ್‌ಗಳು 400 ಹರ್ಟ್ಸ್ ದಾಟಿದರೆ ತಪ್ಪು ತೋರಿಸುತ್ತವೆ, 1 ಕಿಲೋಹರ್ಟ್ಸ್ ಬೇಡ). ಜೋರಾದ ಪ್ಲೇಯರ್‌ನ ದಾರಿಯಲ್ಲಿ 10 ಕಿಲೋ ಓಮ್‌ನ ಡ್ಯುಯಲ್ ಪಾಟ್ (ಎಡ-ಬಲ ಎರಡರ ಮಟ್ಟವನ್ನೂ ಒಟ್ಟಿಗೆ ತಗ್ಗಿಸುವ ತಿರುಗಣೆ) ಹಾಕಿ ಶೇ. 1ರೊಳಗೆ ಸರಿಹೊಂದಿಸಿ. ಬೆಂಗಳೂರಿನ ಎಸ್.ಪಿ. ರಸ್ತೆಯ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಸಿಗುತ್ತದೆ. ಅಗ್ಗದ ಪಾಟ್‌ನಲ್ಲಿ ಎಡ-ಬಲ ಏರುಪೇರಾಗುವುದರಿಂದ ಎರಡೂ ಕಡೆ ಅಳೆಯಿರಿ. ಒಂದೇ ಆಲ್ಬಮ್‌ನ ಎರಡು ಪ್ರತಿಗಳನ್ನು ಒಟ್ಟಿಗೆ ಓಡಿಸಿ, ನಿಮಗೆ ಕಾಣದಂತೆ ಇನ್ನೊಬ್ಬರು ನಾಣ್ಯ ಚಿಮ್ಮಿ ಆಂಪ್ಲಿಫೈಯರ್‌ನ ಇನ್‌ಪುಟ್ ಆರಿಸಲಿ. 16 ಸಲದಲ್ಲಿ 12 ಸಲ ಸರಿಯಾಗಿ ಗುರುತಿಸಿದರೆ ವ್ಯತ್ಯಾಸ ಇದೆ ಅಂತ ನಂಬಬಹುದು. ಬರೀ ಊಹೆಯಿಂದ ಅಷ್ಟು ಬರುವ ಸಂಭವ ನೂರಕ್ಕೆ ನಾಲ್ಕು.

ಮರುಪ್ರಶ್ನೆ: ಹಾಗಾದರೆ ಮೊದಮೊದಲ ಸಿಡಿ ಪ್ಲೇಯರ್‌ಗಳ ನಾದ ಚೆನ್ನಾಗಿಲ್ಲ ಅಂತಿದ್ದ ದೂರು ಸುಳ್ಳೇ?

ಉತ್ತರ (ಅದೇ ಎಂಜಿನಿಯರ್): ಪೂರ್ತಿ ಸುಳ್ಳಲ್ಲ. 1982ರ ಸೋನಿ ಸಿಡಿಪಿ-101ರಲ್ಲಿ ಎಡಕ್ಕೂ ಬಲಕ್ಕೂ ಒಂದೇ ಡಿಎಸಿ (ಡಿಸ್ಕ್‌ನ ಅಂಕಿಗಳನ್ನು ಸದ್ದಿನ ಸಂಕೇತವಾಗಿಸುವ ಚಿಪ್). ಒಂದು ಚಾನೆಲ್ ಸುಮಾರು 11 ಮೈಕ್ರೋಸೆಕೆಂಡ್ ಹಿಂದೆ ಬೀಳುತ್ತಿತ್ತು. ಅದು ಒಂದು ಸ್ಪೀಕರನ್ನು 4 ಮಿ.ಮೀ. ಹಿಂದಕ್ಕೆ ಸರಿಸಿದಷ್ಟೇ! ಇಂದಿನ ಅಗ್ಗದ ಚಿಪ್ಪೂ ಸಿಡಿಯ 16 ಬಿಟ್, 44.1 ಕಿಲೋಹರ್ಟ್ಸನ್ನು ಸಲೀಸಾಗಿ ನಿಭಾಯಿಸುತ್ತದೆ. ಅಗ್ಗದವುಗಳಲ್ಲಿ ಕೆಡುವುದು ಬೇರೆ: ಪವರ್ ಸಪ್ಲೈ ಗುಂಯ್‌ಗುಡುವುದು, ಔಟ್‌ಪುಟ್‌ನ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್ ಒಣಗಿ ಬಾಸ್ ಸೊರಗುವುದು, ಟ್ರೇ ಬೆಲ್ಟ್ ಸಡಿಲವಾಗುವುದು. ಇವನ್ನೆಲ್ಲ ಕಡಿಮೆ ಖರ್ಚಿನಲ್ಲಿ ಸರಿಪಡಿಸಬಹುದು.

ಪ್ರಶ್ನೆ (ಮಲ್ಲೇಶ್ವರ): ನನ್ನದು ಕೆಲವು ಡಿಸ್ಕ್‌ಗಳಲ್ಲಿ ಹಾರುತ್ತದೆ.

ಉತ್ತರ (ಇನ್ನೊಬ್ಬ ಟೆಕ್ನಿಷಿಯನ್): ನಮ್ಮೂರಿನ ರಸ್ತೆ ಧೂಳನ್ನೇ ಮೊದಲು ಅನುಮಾನಿಸಿ. ಪ್ಲಗ್ ಕಿತ್ತು, ಹತ್ತಿಕಡ್ಡಿಗೆ ಒಂದೇ ಹನಿ ಐಸೊಪ್ರೊಪೈಲ್ ಆಲ್ಕೋಹಾಲ್ ತಾಗಿಸಿ ಲೆನ್ಸ್ ಮೇಲೆ ಹಗುರವಾಗಿ ಆಡಿಸಿ. ಒತ್ತಿದರೆ ಲೆನ್ಸ್ ಹೊತ್ತ ತೆಳು ತಂತಿಗಳು ಸೊಟ್ಟಗಾಗುತ್ತವೆ. ಡಿಸ್ಕನ್ನು ನಡುವಿನಿಂದ ಅಂಚಿಗೆ ನೇರವಾಗಿ ಒರೆಸಿ, ಸುತ್ತು ಒರೆಸಬೇಡಿ. ಟ್ರ್ಯಾಕ್‌ನ (ಡಿಸ್ಕ್‌ನಲ್ಲಿ ಸುರುಳಿಯಾಗಿ ಸಾಗುವ ಮಾಹಿತಿಯ ಗೆರೆ) ಉದ್ದಕ್ಕೆ ಸುಮಾರು 2.5 ಮಿ.ಮೀ. ನಷ್ಟವನ್ನು ಪ್ಲೇಯರ್ ಪೂರ್ತಿ ಸರಿಪಡಿಸಿಕೊಳ್ಳುತ್ತದೆ. ಸುತ್ತಿನ ಗೀರು ಟ್ರ್ಯಾಕ್‌ನ ಜೊತೆಗೇ ಸಾಗಿ ಆ ಮಿತಿ ದಾಟಿಬಿಡುತ್ತದೆ.

ಜಯನಗರದವರಿಗೆ ಇನ್ನೊಂದು ಮಾತು. ಕೋಣೆಗೆ ವಿಟ್ರಿಫೈಡ್ ಟೈಲ್ಸ್, ಬರೀ ಗೋಡೆ ಇದ್ದರೆ ಸದ್ದಿನ ಪ್ರತಿಧ್ವನಿ ತಗ್ಗಲು ಸ್ಪೀಕರ್ ಮುಂದೆ ದಪ್ಪ ಜಮಖಾನ ಹಾಸಿ, ಎದುರು ಗೋಡೆಗೆ ಪುಸ್ತಕದ ಕಪಾಟು ಇಟ್ಟು, ಅದೇ ವೀಣೆಯ ಸಿಡಿ ಹಾಕಿ ಕೇಳಿ.