ಕಾಂಟ್ ‘ಹುಟ್ಟುಹಾಕಿದ’ ಅಂದರೆ ಏನರ್ಥ?

ಮೂಡಿಗೆರೆ ಹುಡುಗಿ:
ಜೆ.ಬಿ. ಶ್ನೀವಿಂಡ್ ಬರೆದ ನೀತಿಶಾಸ್ತ್ರದ ಇತಿಹಾಸ ‘ದಿ ಇನ್ವೆನ್ಷನ್ ಆಫ್ ಆಟಾನಮಿ’ (1998) ಹಿಡಿದುಕೊಂಡು ಕೂತಿದ್ದೇನೆ, ಮೊದಲ ಸಾಲಿನಲ್ಲೇ ಸಿಕ್ಕಿಹಾಕಿಕೊಂಡೆ. ನೀತಿಯ ಕಟ್ಟಳೆ ನಮಗೆ ನಾವೇ ಹಾಕಿಕೊಳ್ಳುವಂಥದ್ದು ಅನ್ನುವ ಕಲ್ಪನೆಯನ್ನು ಜರ್ಮನ್ ತತ್ವಜ್ಞಾನಿ ಕಾಂಟ್ ಹುಟ್ಟುಹಾಕಿದನಂತೆ. ಹಾಗಾದರೆ ಕಾಂಟ್ ಅದನ್ನು ಬರೆದ 1785ಕ್ಕೆ ಮುಂಚೆ ಜನಕ್ಕೆ ಸ್ವಂತ ಬುದ್ಧಿ ಇರಲಿಲ್ವಾ? ನಮ್ಮಜ್ಜಿ ಕಾಂಟ್ ಹೆಸರೂ ಕೇಳಿರಲಿಲ್ಲ, ಕೈಗಡ ತಂದ ಸಕ್ಕರೆಯನ್ನು ಅದೇ ಲೋಟದಲ್ಲಿ ಅಳೆದು ವಾಪಸ್ ಕೊಡುತ್ತಿದ್ದರು.

ಹಾಸನದ ಮೇಷ್ಟ್ರು:
ಬುದ್ಧಿ ಇತ್ತಮ್ಮ, ಅದನ್ನು ವಿವರಿಸುವ ಸಿದ್ಧಾಂತ ಇರಲಿಲ್ಲ. ‘ಹುಟ್ಟುಹಾಕಿದ’ ಅನ್ನುವ ಪದವನ್ನು ಶ್ನೀವಿಂಡ್ ಸುಮ್ನೆ ಬಳಸಿಲ್ಲ. ತತ್ವಜ್ಞಾನಿ ಲೈಬ್ನಿಜ್ ತನ್ನ ‘ಮೊನಾಡ್’ (ಇನ್ನು ಒಡೆಯಲಾಗದ ಸರಳ ಮೂಲವಸ್ತು) ಅನ್ನುವುದನ್ನು ವಿವರಿಸಲಿಲ್ಲ, ತಾನೇ ಸೃಷ್ಟಿಸಿದ ಅಂತ ಕಾಂಟ್ ಒಂದು ಕಡೆ ಹೇಳಿದ್ದ, ಅದೇ ಮಾತನ್ನು ತಿರುಗಿಸಿ ಕಾಂಟ್‌ಗೇ ಹಾಕಿದ್ದಾರೆ. ಮುಂಚಿನವರು ನೀತಿ ಅಂದರೆ ವಿಧೇಯತೆ ಅಂದುಕೊಂಡಿದ್ದರು. ಕಾನೂನು ಚಿಂತಕ ಪುಫೆಂಡಾರ್ಫ್ 1672ರಲ್ಲಿ ಬರೆದದ್ದು ನೋಡಿ: ಕಾನೂನು ಅಂದಮೇಲೆ ಮೇಲೊಬ್ಬ ಯಜಮಾನ ಇರಲೇಬೇಕು. ಕಾಂಟ್ ಆ ಯಜಮಾನನ ಕುರ್ಚಿಯಲ್ಲಿ ನಮ್ಮನ್ನೇ ಕೂರಿಸಿದ.

ತೋಟದ ರೈಟ್ರು:
ನಾನು ಅಷ್ಟು ಓದಿದವನಲ್ಲ. ಸಂಜೆ ಕಾಫಿ ಹಣ್ಣು ತೂಕ ಹಾಕುವಾಗ ಚೀಲದ್ದು ಅಂತ ಎರಡು ಕೆಜಿ ಕಳೆಯುತ್ತಿದ್ದೆ, ಮೇಲಿನವರು ಹೇಳಿದ್ದು ಅದೇ. ಖಾಲಿ ಚೀಲ ಒಂದು ಕೆಜಿಯೂ ಬರಲ್ಲ. ಒಂದು ದಿನ ಕೊಯ್ಯುವ ಹೆಂಗಸೊಬ್ಬರು ಮಾತೇ ಆಡದೆ ಖಾಲಿ ಚೀಲವನ್ನು ತಂದು ಕೊಕ್ಕೆಗೆ ನೇತುಹಾಕಿದರು. ಎಲ್ಲರೂ ಮುಳ್ಳು ನೋಡಿದರು. ಅವತ್ತಿಂದ ಸರಿಯಾಗಿ ತೂಗುತ್ತಿದ್ದೇನೆ. ಇದು ನೀತಿಯಾ ಸಾರ್, ನಾಚಿಕೆಯಾ?

ಹಾಸನದ ಮೇಷ್ಟ್ರು:
ಕಾಂಟ್ ಅಂಗಡಿಯವನ ಉದಾಹರಣೆ ಕೊಡುತ್ತಾನೆ. ಮಗು ಬಂದರೂ ಅದೇ ರೇಟು, ಆದರೆ ವ್ಯಾಪಾರ ಕೆಡದಿರಲಿ ಅಂತ. ಕೆಲಸ ಸರಿ, ನೈತಿಕ ಬೆಲೆ ಇಲ್ಲ. ನಿಮ್ಮದು ಯಾವುದು ಅಂತ ನೀವೇ ಹೇಳಬೇಕು. ನನಗೆ ಆ ಹೆಂಗಸೇ ಮುಖ್ಯ. ಯಾವುದು ಸರಿ ಅಂತ ಅವರಿಗೆ ಯಾರೂ ಪಾಠ ಮಾಡಿರಲಿಲ್ಲ, ಅಲ್ವಾ? ಸಾಮಾನ್ಯ ಜನರನ್ನು ಕೀಳಾಗಿ ಕಾಣುತ್ತಿದ್ದೆ, ಚಿಂತಕ ರೂಸೋ ನನ್ನನ್ನು ತಿದ್ದಿದ ಅಂತ ಕಾಂಟ್ ತನ್ನ ಟಿಪ್ಪಣಿಯಲ್ಲಿ ಒಪ್ಪಿಕೊಂಡಿದ್ದಾನೆ. ಎಲ್ಲರಿಗೂ ತಾವಾಗಿಯೇ ತಿಳಿಯುತ್ತದೆ ಅನ್ನುವುದು ಶ್ನೀವಿಂಡ್ ಪುಸ್ತಕದ ಜೀವಾಳ.

ಮೂಡಿಗೆರೆ ಹುಡುಗಿ:
ಓಹ್, ಹಾಗಾದರೆ ಅಜ್ಜಿ ಪಾಸ್! ಪುಫೆಂಡಾರ್ಫ್ ಅಧ್ಯಾಯಕ್ಕೆ ಹೋಗ್ತೀನಿ.

ತೋಟದ ರೈಟ್ರು:
ನಾಚಿಕೆಯೇ ಜಾಸ್ತಿ ಸಾರ್. ಆ ಹೆಂಗಸು ಈಗಲೂ ಮೊದಲು ಖಾಲಿ ಚೀಲ ತೂಗಿಸಿಯೇ ಮುಂದಕ್ಕೆ ಬಿಡೋದು.